ದೋಣಿಯ ದೀಪಕ್ಕೆ ಆರಿಸಿದ ರೈಲಿನ ಸೆಲ್ಲುಗಳು

ನಮ್ಮಣ್ಣ ಹೆಬ್ಬಾಳದ ಕೆರೆಗೆ ಹಾಯಿದೋಣಿ ಇಳಿಸಿದಾಗ ನನಗೆ ಹದಿನೈದು ತುಂಬಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬ್ಯಾಟರಾಯನಪುರದ ಮನೆಯಲ್ಲಿ ಅವ್ವನ ಜೊತೆ ದನ ಕರು ನೋಡಿಕೊಂಡಿದ್ದೆ. ಅಣ್ಣ ಯಶವಂತಪುರದಲ್ಲಿ ಬಸ್ಸಿನ ಮೈ ಕಟ್ಟುವ ಕಡೆ ಬಡಗಿ. ಅದಕ್ಕೆ ಮುಂಚೆ ಎರಡು ವರ್ಷ ಮಂಗಳೂರಿನಲ್ಲಿ ದೋಣಿ ರಿಪೇರಿ ಮಾಡುವವರ ಹತ್ತಿರ ಕೆಲಸಕ್ಕಿದ್ದು ಬಂದಿದ್ದ. ಅಲ್ಲಿಂದ ಅವನು ತಂದದ್ದು ಒಂದು ಉಳಿ, ಒಂದು ಚರ್ಮದ ಬೆಲ್ಟು, ಮತ್ತು ಗಾಳಿಯನ್ನು ಬಟ್ಟೆಯಲ್ಲಿ ಹಿಡಿದು ನೀರಿನ ಮೇಲೆ ಹೋಗಬಹುದು ಎನ್ನುವ ಮಾತು. ಊರಲ್ಲಿ ಆ ಮಾತನ್ನು ಯಾರೂ ನಂಬಲಿಲ್ಲ. ನಾನೂ ಅರ್ಧ ಮಾತ್ರ ನಂಬಿದ್ದೆ.

ಬಸ್ಸಿಗೆ ಹಾಕಿ ಮಿಕ್ಕ ಹಲಗೆಗಳನ್ನು ಕೇಳಿ ತಂದು, ಎರಡು ವರ್ಷ ಭಾನುವಾರಗಳಲ್ಲಿ ಹಿತ್ತಲಿನಲ್ಲಿ ಕೂತು ಕಟ್ಟಿದ. ಸರ್ವೆ ಮರದ ಕಂಬ ನಿಲ್ಲಿಸಿದ. ಹಾಯಿಯ ಬಟ್ಟೆಯನ್ನು ಹೊಲಿದವಳು ನಾನು, ಗೋಣಿ ಸೂಜಿಯಲ್ಲಿ, ಬೆರಳು ತುಂಬ ಗಾಯ ಮಾಡಿಕೊಂಡು. ಅಣ್ಣ ಅದನ್ನು ಎತ್ತಿ ಕಟ್ಟಿದ ಮೊದಲ ದಿನ ಏರಿಯ ಮೇಲೆ ಜನ ಸೇರಿದ್ದರು. "ಬಟ್ಟೆ ಒಣಗಾಕಕ್ಕೆ ಕೆರೆ ಮಧ್ಯಕ್ಕೆ ಓಯ್ತಾವ್ನೆ ನೋಡ್ರಪ್ಪ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಆಮೇಲೆ ಬಟ್ಟೆ ಗಾಳಿ ತುಂಬಿಕೊಂಡು ಹೊಟ್ಟೆಯ ಹಾಗೆ ಉಬ್ಬಿತು. ಹುಟ್ಟು ಹಾಕುವವರಿಲ್ಲ, ತಳ್ಳುವವರಿಲ್ಲ, ದೋಣಿ ತಾನಾಗಿ ಹೊರಟಿತು. ನಗು ನಿಂತು ಹೋಯಿತು. ನಾನು ಕೈಯಲ್ಲಿದ್ದ ಕಡಲೆಕಾಯಿಯನ್ನು ತಿನ್ನುವುದನ್ನೂ ಮರೆತು ನಿಂತೆ. ನಾನು ಹಾಕಿದ ಹೊಲಿಗೆಗಳು ಆ ಗಾಳಿಯನ್ನು ಹಿಡಿದಿವೆ ಎಂದು ಯೋಚಿಸಿದಾಗ ಮೈ ಜುಮ್ಮೆಂದಿತು.

ಆದರೆ ಕೆರೆಯಲ್ಲಿ ಮೀನು ಹಿಡಿಯುವವರಿಗೆ ಅದು ತೊಂದರೆಯಾಯಿತು. ಅಣ್ಣನಿಗೆ ಕೆಲಸ ಬಿಡುತ್ತಿದ್ದದ್ದು ಸಂಜೆ. ಕೆರೆಯ ಮೇಲೆ ಗಾಳಿ ಏಳುವುದೂ ಸಂಜೆ. ಅವರು ಬಲೆ ಬಿಡುವುದೂ ಅದೇ ಹೊತ್ತಿಗೆ. ಮಬ್ಬಿನಲ್ಲಿ ದೋಣಿ ಎಲ್ಲಿ ಬರುತ್ತಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. ಅವರ ಯಜಮಾನ ಮನೆಗೆ ಬಂದು, ಕಂಬದ ತುದಿಯಲ್ಲಿ ದೀಪ ಇದ್ದರೆ ಬಾ, ಇಲ್ಲದಿದ್ದರೆ ಬೇಡ, ಒಂದು ಬಲೆ ಹರಿದರೂ ಅವತ್ತಿಗೆ ನಿನ್ನ ದೋಣಿ ದಡಕ್ಕೆ ಎಂದು ಹೇಳಿ ಹೋದ. ಅಣ್ಣ ಲಾಟೀನು ಕಟ್ಟಿ ನೋಡಿದ. ದೋಣಿ ವಾಲಿದಾಗ ಬುಡ್ಡಿ ಒಡೆಯಿತು. ಇನ್ನೊಂದು ಕಟ್ಟಿದ, ಗಾಳಿಗೆ ಆರಿತು. ಹೀಗೆ ಬ್ಯಾಟರಿಯ ಮಾತು ನಮ್ಮ ಮನೆಗೆ ಬಂತು. ನಮ್ಮ ಕೇರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಕಂಬದ ತುದಿಯಲ್ಲಿ ಬಲ್ಬು ಉರಿಸುತ್ತೇನೆ ಎಂದು ಅಣ್ಣ ಹೇಳಿದಾಗ ಅವ್ವ, ಮನೇಲಿ ಬುಡ್ಡಿ ದೀಪ, ಕೆರೇಲಿ ಕರೆಂಟು, ಚೆನ್ನಾಗದೆ ಬಾಳು ಎಂದಳು.

ಅಣ್ಣನಿಗೆ ಬ್ಯಾಟರಿಯ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರು ಸಿಕ್ಕರು. ಯಶವಂತಪುರದ ಸ್ಟೇಷನ್ ಪಕ್ಕದ ಟೀ ಅಂಗಡಿಯಲ್ಲಿ ಪರಿಚಯವಾದವರು, ರೈಲಿನ ಡಬ್ಬಿಗಳಿಗೆ ದೀಪ ಹೊತ್ತಿಸುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವರು. ನಾವು ಅವರನ್ನು ರೈಲು ತಾತ ಎಂದೇ ಕರೆಯುತ್ತಿದ್ದೆವು. ಅಂಗಿಯ ತುಂಬ ಆಸಿಡ್ ಸುಟ್ಟ ಸಣ್ಣ ಸಣ್ಣ ತೂತು. ಎಡಗಣ್ಣಿನಲ್ಲಿ ಪೊರೆ ಬೆಳೆಯುತ್ತಿತ್ತು, ಅದರ ಮೇಲೆ ಹಾಲಿನ ಕೆನೆಯಂಥ ಬಿಳುಪು.

ಬ್ಯಾಟರಿ ಆರಿಸುವ ದಿನ ಎತ್ತು ಹಿಡಿದುಕೊಂಡು ನಿಲ್ಲಲು ಅಣ್ಣ ನನ್ನನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದ. ಯಶವಂತಪುರದ ಗುಜರಿ ಅಂಗಡಿ. ಹೊಸ ಬ್ಯಾಟರಿಯ ಆಸೆ ನಮಗೆ ಇರಲೇ ಇಲ್ಲ. ಅಂಗಡಿಯವನು ಮೊದಲು ತೋರಿಸಿದ್ದು ಒಂದು ಹಳೆಯ ಲಾರಿ ಬ್ಯಾಟರಿ, ಮೇಲೆ ಹೊಸದಾಗಿ ಕರಿ ಬಣ್ಣ ಬಳಿದದ್ದು. ಅದರ ಎರಡು ಗುಬುಟಿಗಳಿಗೆ ತಂತಿ ತಾಗಿಸಿದ. ಛಟ್ಟೆಂದು ನೀಲಿ ಕಿಡಿ ಹಾರಿತು. ಎತ್ತು ಬೆದರಿ ಹಿಂದಕ್ಕೆ ಸರಿಯಿತು. ನಾನೂ ಸರಿದೆ. ಅಣ್ಣನ ಮುಖ ಅರಳಿದ್ದು ನೋಡಿದರೆ ಅವನು ಆಗಲೇ ಅದನ್ನು ಕೊಂಡುಕೊಂಡಂತೆಯೇ ಇತ್ತು.

ನಮ್ಮ ಜೊತೆ ಬಂದಿದ್ದ ತಾತ ಕಿಡಿಯ ಕಡೆ ನೋಡಲೇ ಇಲ್ಲ. ಮೂಲೆಯಲ್ಲಿ ದೂಳು ಹಿಡಿದು ಬಿದ್ದಿದ್ದ ಕರಿ ರಬ್ಬರಿನ ಪೆಟ್ಟಿಗೆಗಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರು. ಒಂದೊಂದೂ ಒಂದು ಸೆಲ್ಲು, ಮೊಣಕಾಲಿನಷ್ಟು ಎತ್ತರ, ಒಬ್ಬಾಳು ಎತ್ತಲು ಉಸಿರು ಬಿಗಿ ಹಿಡಿಯಬೇಕು. ರೈಲಿನ ಡಬ್ಬಿಯ ಕೆಳಗೆ ಕೂತು ದೀಪ ಉರಿಸಿ, ವಯಸ್ಸಾಯಿತೆಂದು ಹರಾಜಿನಲ್ಲಿ ಬಂದವು. ಗುಜರಿಯವನಿಗೆ ಒಳಗಿನ ಸೀಸ ಕರಗಿಸಿ ಮಾರುವುದಷ್ಟೇ ಗೊತ್ತು, ಹಾಗಾಗಿ ಅವು ಅಗ್ಗ.

"ಲಾರಿ ಬ್ಯಾಟರಿ ಜಟ್ಟಿ ಇದ್ದಂಗೆ ಕಣಯ್ಯ" ಎಂದರು ತಾತ. "ಒಂದೇ ಏಟಿಗೆ ಇಂಜಿನ್ ಎತ್ತಿ ತಿರುಗಿಸ್ತದೆ, ಆಮೇಲೆ ಕೂತ್ಕೊಂಡು ಮೀಸೆ ತಿರುವ್ತದೆ. ದಿನಾ ಸಂಜೆಯೆಲ್ಲ ದೀಪ ಹೊರು ಅಂದ್ರೆ ಆರು ತಿಂಗಳಿಗೆ ಸತ್ತೋಗ್ತದೆ. ರೈಲಿಂದು ನಿಮ್ಮವ್ವ ಇದ್ದಂಗೆ. ಕೊನೇ ತೊಟ್ಟಿನವರೆಗೂ ಗೇಯ್ತದೆ, ಹೊಟ್ಟೆಗೆ ಹಾಕಿದ್ರೆ ಮತ್ತೆ ಎದ್ದು ನಿಂತ್ಕೋತದೆ."

ಮಾತಿಗೇ ಬಿಡಲಿಲ್ಲ, ಪರೀಕ್ಷೆ ಮಾಡಿಯೇ ತೋರಿಸಿದರು. ಲಾರಿ ಬ್ಯಾಟರಿಗೆ ಒಂದು ಬಲ್ಬು, ಮೂರು ಸೆಲ್ಲು ಜೋಡಿಸಿ ಅದಕ್ಕೊಂದು ಬಲ್ಬು. ಎರಡನ್ನೂ ಹೊತ್ತಿಸಿ ಬೆಂಚಿನ ಮೇಲೆ ಕೂತುಬಿಟ್ಟರು. ಅಣ್ಣ ಟೀ ತರಿಸಿದ. ಇನ್ನೊಂದು ಸಲ ತರಿಸಿದ. ಗುಜರಿಯವನು ಬೈಯುತ್ತ ಬೇರೆ ಗಿರಾಕಿಯನ್ನು ನೋಡಲು ಹೋದ. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂದ ಹೊತ್ತಿಗೆ ಲಾರಿಯ ಬಲ್ಬಿನೊಳಗಿನ ತಂತಿ ಸಾಯಂಕಾಲದ ಸೂರ್ಯನ ಹಾಗೆ ಕೆಂಪಗಾಗಿತ್ತು. ರೈಲಿನದು ಕೂತಾಗ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗೆ ಇತ್ತು. ಕಿಡಿ ಹಾರಿಸಲಾರದ, ದೂಳು ಹಿಡಿದ ಆ ಪೆಟ್ಟಿಗೆಯೊಳಗೆ ಇಷ್ಟು ತಾಳ್ಮೆ ಕೂತಿದೆಯೆಂದು ನಾನು ಅದನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು.

ಅಲ್ಲಿದ್ದ ಎಂಟು ಸೆಲ್ಲುಗಳಲ್ಲಿ ನಮಗೆ ಮೂರನ್ನು ಆರಿಸಿದ ಬಗೆಯೇ ಬೇರೆ. ಮುಚ್ಚಳ ತೆಗೆದು, ಗಾಜಿನ ಪಿಚಕಾರಿಯಲ್ಲಿ ಒಳಗಿನ ನೀರನ್ನು ಎಳೆದು, ಅದರಲ್ಲಿ ತೇಲುವ ಕಡ್ಡಿ ಎಷ್ಟೆತ್ತರ ನಿಲ್ಲುತ್ತದೆ ಎಂದು ನೋಡಿದರು. ಕಡ್ಡಿ ಮೇಲೆ ನಿಂತಷ್ಟೂ ಸೆಲ್ಲಿಗೆ ಜೀವ ಹೆಚ್ಚಂತೆ. ಒಳಗಿನ ತಟ್ಟೆಗಳು ಒಂದು ಕಾಫಿ ಬಣ್ಣ, ಒಂದು ಬೂದಿ ಬಣ್ಣ ಇರಬೇಕಂತೆ. ಕೊನೆಗೆ ಬಗ್ಗಿ ಒಂದೊಂದಕ್ಕೂ ಕಿವಿಯಿಟ್ಟರು. ಸುಮ್ಮನೆ ಕೂತ ಸೆಲ್ಲು ಸದ್ದು ಮಾಡಬಾರದು, ಚಾರ್ಜಿಗೆ ಹಾಕಿದಾಗ ಮಾತ್ರ ಕುದಿಯಬೇಕು, ಸುಮ್ಮನಿದ್ದಾಗಲೂ ಬುಸುಗುಟ್ಟಿದರೆ ಅದರ ಹೊಟ್ಟೆಗೆ ಆಗಬಾರದ್ದು ಏನೋ ಬಿದ್ದಿದೆ ಎಂದು ಅರ್ಥ, ಎಂದರು. ಇಷ್ಟು ತೂಕ ದೋಣಿಗೆ ಹೆಂಗೆ ತಾತ ಎಂದು ಅಣ್ಣ ಕೇಳಿದ. ಕೇಳಿದವನೇ ತಲೆ ಚಚ್ಚಿಕೊಂಡು ನಕ್ಕ. ಗಾಳಿಗೆ ವಾಲದಂತೆ ದೋಣಿಯ ತಳಕ್ಕೆ ಅವನು ಕಲ್ಲು ತುಂಬುತ್ತಿದ್ದ. ಇನ್ನು ಕಲ್ಲಿನ ಜಾಗದಲ್ಲಿ ಸೆಲ್ಲು ಕೂರುತ್ತವೆ.

ತಾತನಿಗೆ ಏನು ಕೊಡಬೇಕೆಂದು ಅಣ್ಣ ಕೇಳಿದಾಗ ಅವರು ಹೇಳಿದ್ದು ನನಗೆ ಇವತ್ತಿಗೂ ಅವರ ದನಿಯಲ್ಲೇ ಕೇಳುತ್ತದೆ. "ಮೂವತ್ತು ವರ್ಷದಿಂದ ದೀಪ ಹಚ್ಚಿ ಹಚ್ಚಿ ಕಳಿಸಿದೀನಿ ಮಗಾ. ರೈಲು ಹೊರಡುವಾಗ ನಾನು ಡಬ್ಬಿ ಕೆಳಗಿರ್ತೀನಿ, ಇಲ್ಲ ಮುಂದಿನ ರೈಲಿನ ಹತ್ರ ಇರ್ತೀನಿ. ನಾನು ಹಚ್ಚಿದ್ದು ದೂರದಿಂದ ಹೆಂಗೆ ಕಾಣ್ತದೆ ಅಂತ ಒಂದು ಸಲಾನೂ ನೋಡಿಲ್ಲ. ಏರಿ ಮೇಲೆ ಕೂರಿಸಿ ಒಂದು ಸಂಜೆ ತೋರ್ಸು, ಸಾಕು."

ಆದರೆ ಸಂಜೆಯೇ ಅವರಿಗೆ ಬಿಡುವಿಲ್ಲ. ಯುಗಾದಿ ಕಳೆದ ಮೇಲೆ ರಿಟೈರಾಗುತ್ತೇನೆ, ಆಗ ಬರುತ್ತೇನೆ ಎಂದರು. ಕಣ್ಣನ್ನು ಅಲ್ಲಿಯವರೆಗೆ ಹಿಡಿದಿಟ್ಟುಕೊಂಡಿರುತ್ತೇನೆ ಎಂದು ನಕ್ಕರು.

ಸೆಲ್ಲಿನ ನೀರು ಆರುತ್ತದೆ, ಆಗಾಗ ತುಂಬಬೇಕು. ಆ ಕೆಲಸ ನನಗೆ ಬಂತು. ತಾತ ತಮ್ಮ ಹತ್ತಿರವಿದ್ದ ಒಂದು ಹಸಿರು ಗಾಜಿನ ದಪ್ಪ ಭರಣಿಯನ್ನು ನನ್ನ ಕೈಗೆ ಕೊಟ್ಟರು. ಬಾವಿ ನೀರು ಕೂಡದು, ಹೆಂಚಿನಿಂದ ಇಳಿದದ್ದು ಕೂಡದು. ಬಯಲಲ್ಲಿ ಭರಣಿ ಇಟ್ಟು ಹಿಡಿದ ಮಳೆ ನೀರು ಮಾತ್ರ. ಗಾಜು ಇಲ್ಲವೇ ಮಣ್ಣು, ಲೋಹದ ಪಾತ್ರೆ ಮುಟ್ಟಿಸಲೇಬಾರದು ಎಂದು ಎರಡು ಸಲ ಹೇಳಿದರು. ನಾಲ್ಕನೇ ಕ್ಲಾಸಿನವಳಿಗೆ ಒಬ್ಬರು ಕೊಟ್ಟ ಮೊದಲ ದೊಡ್ಡ ಕೆಲಸ ಅದು. ಕಾರ್ತಿಕದ ಮಳೆಯಲ್ಲಿ ಭರಣಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ದೇವರ ಮೂಲೆಯಲ್ಲಿಟ್ಟೆ.

ಆ ಚಳಿಗಾಲದ ಸಂಜೆಗಳನ್ನು ಹೇಗೆ ಹೇಳಲಿ. ಅಣ್ಣ ತಂತಿ ತಿರುಚಿದ ಕೂಡಲೇ ಕಂಬದ ತುದಿಯಲ್ಲಿ ಬೆಳಕು ಬರುತ್ತಿತ್ತು. ದೋಣಿ ಕಪ್ಪಾಗಿ ನೀರಿನಲ್ಲಿ ಕರಗಿದ ಮೇಲೂ ಆ ಒಂದು ಚುಕ್ಕೆ ಉಳಿಯುತ್ತಿತ್ತು, ಅದರ ಕೆಳಗೆ ನೀರಿನಲ್ಲಿ ಅದರದೇ ಉದ್ದನೆಯ ನಡುಗುವ ಬಾಲ. ಗಾಳಿ ಎಷ್ಟು ಬೀಸಿದರೂ ಆರದು. ಗಂಗಾನಗರದ ಕಡೆಯಿಂದ ಬರುವವರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ಅವ್ವ ಒಂದು ಸಂಜೆ ಬಂದಳು. ಸೆರಗಿನ ಮರೆಯಲ್ಲಿ ಕೈ ಮುಗಿದಳು. ಯಾಕವ್ವ ಎಂದರೆ, ದೀಪ ಅಲ್ವೇನೇ ಎಂದಳು.

ಸಂಕ್ರಾಂತಿಯ ಹೊತ್ತಿಗೆ ನಾನು ಭರಣಿಯನ್ನು ಒಡೆದೆ. ಬಾವಿಯ ಹತ್ತಿರ ನನ್ನ ಜೊತೆಯವರಿಗೆ ತೋರಿಸಲು ಒಯ್ದಿದ್ದೆ, ಜಂಬ. ಕಲ್ಲಿನ ಮೇಲೆ ಜಾರಿತು. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ತಿಪ್ಪೆಯ ಗುಂಡಿಯ ಆಳಕ್ಕೆ, ಕಲ್ಲಿನ ಸಂದಿಗೆ ತುರುಕಿದೆ. ಅಣ್ಣ ಕೇಳಲಿಲ್ಲ, ನಾನು ಹೇಳಲಿಲ್ಲ. ಸೆಲ್ಲುಗಳಿಗೆ ಆಗಷ್ಟೇ ನೀರು ತುಂಬಿದ್ದರಿಂದ ಇನ್ನೂ ಸಮಯವಿತ್ತು.

ಯುಗಾದಿ ಆಯಿತು. ತಾತ ರಿಟೈರಾದರು, ಬರುವ ಭಾನುವಾರ ಸಂಜೆ ಬರುತ್ತೇನೆಂದು ಹೇಳಿ ಕಳಿಸಿದರು. ಅಣ್ಣ ಸೆಲ್ಲುಗಳನ್ನು ಚಾರ್ಜ್ ಮಾಡಿಸಿ ಮನೆಗೆ ತಂದು, ನೀರು ತುಂಬೇ ಎಂದು ನನಗೆ ಹೇಳಿ ಕೆಲಸಕ್ಕೆ ಹೋದ. ವಾರದ ಹಿಂದೆ ಅಶ್ವಿನಿ ಮಳೆ ಒಂದು ಹದ ಬಿದ್ದಿತ್ತು. ಅದನ್ನು ನಾನು ಹಿಡಿದಿಟ್ಟಿದ್ದೆ, ನಮ್ಮ ಮನೆಯ ತಾಮ್ರದ ಬಿಂದಿಗೆಯಲ್ಲಿ.

ಅದು ಯಾಕೆ ಎಂದು ಹೇಳಿಬಿಡುತ್ತೇನೆ. ಮಣ್ಣಿನ ಗಡಿಗೆಗಳಿದ್ದವು. ಆದರೆ ಒಂದರಲ್ಲಿ ಹುಳಿ, ಒಂದರಲ್ಲಿ ಉಪ್ಪಿನಕಾಯಿ, ಇನ್ನೊಂದರಲ್ಲಿ ಕೋಳಿಗೆ ಕಾಳು. ತಾಮ್ರದ್ದು ಮಡಿಯ ನೀರಿಗೆ ಇಟ್ಟದ್ದು, ದೇವರ ಅಭಿಷೇಕಕ್ಕೆ ಮಾತ್ರ ತೆಗೆಯುವಂಥದ್ದು. ನಮ್ಮ ಮನೆಯಲ್ಲಿ ಅದಕ್ಕಿಂತ ಶುದ್ಧವಾದ ಪಾತ್ರೆ ಇರಲಿಲ್ಲ. ತಾತ ಲೋಹ ಬೇಡ ಎಂದದ್ದು ಕಬ್ಬಿಣ, ತಗಡು ಇಂಥವಕ್ಕೆ, ದೇವರಿಗೆ ಆಗುವ ನೀರು ಸೆಲ್ಲಿಗೆ ಆಗದೇ ಎಂದುಕೊಂಡೆ. ಅಷ್ಟೇ ಅಲ್ಲ, ಇನ್ನೂ ಚೊಕ್ಕವಾಗಲಿ ಎಂದು ಹುಣಸೆಹಣ್ಣು, ಉಪ್ಪು ಹಾಕಿ ಒಳಗೂ ಹೊರಗೂ ಫಳಫಳ ಹೊಳೆಯುವಂತೆ ತಿಕ್ಕಿ ಆಮೇಲೆ ಮಳೆಗೆ ಇಟ್ಟಿದ್ದೆ. ಎಂಟು ದಿನ ಆ ನೀರು ಅದರಲ್ಲೇ ಕೂತಿತ್ತು. ಮೂರು ಸೆಲ್ಲಿಗೂ ಒಂದು ಹನಿ ಚೆಲ್ಲದಂತೆ ತುಂಬಿದೆ. ಭರಣಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಭಾನುವಾರ ತಾತ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದರು. ಅದರಲ್ಲಿ ತೂತಿರಲಿಲ್ಲ. ಏರಿಯ ಮೇಲೆ ನಾನು ಚಾಪೆ ಹಾಸಿ ಅವರ ಪಕ್ಕ ಕೂತೆ. ಬಲಗಣ್ಣಿಗೂ ಪೊರೆ ಬರುತ್ತಿತ್ತು. ಹೊತ್ತು ಮುಳುಗಲಿ ಎಂದು ಕಾದು ಅಣ್ಣ ದೀಪ ಹಚ್ಚಿ ಹೊರಟ. ದಡದ ಹತ್ತಿರ ಇರುವಾಗಲೇ ಅದು ಹಳದಿಯಾಗಿತ್ತು. ಜೊಂಡು ದಾಟುವಾಗ ಕೆಂಪಾಯಿತು. ಅವತ್ತು ಗುಜರಿ ಅಂಗಡಿಯಲ್ಲಿ ಕಂಡ ಅದೇ ಕೆಂಪು. ಆಮೇಲೆ ಇಲ್ಲ.

ತಾತ ಹುಬ್ಬಿಗೆ ಕೈ ಅಡ್ಡ ಹಿಡಿದು ಮುಂದಕ್ಕೆ ಬಗ್ಗಿದ್ದರು. "ಎಲ್ಲಿ ತಾಯಿ? ನನ್ ಕಣ್ಣಿಗೆ ಕಾಣ್ತಿಲ್ವಾ, ಅಲ್ಲಿ ಇಲ್ವಾ?" ಎಂದು ಕೇಳಿದರು. ಅಷ್ಟರಲ್ಲಿ ಕೆರೆಯಿಂದ ಬೈಗಳು ಕೇಳಿಸಿದವು. ಕತ್ತಲಲ್ಲಿ ದೋಣಿ ಬಲೆಯ ಮೇಲೆ ಹೋಗಿತ್ತು.

ಅಣ್ಣ ದಡಕ್ಕೆ ಬಂದಾಗ ಇದ್ದಂಥ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೀನಿನವರ ಯಜಮಾನ ಎಲ್ಲರೆದುರು ದೋಣಿಯನ್ನು ಮೇಲಕ್ಕೆ ಎಳೆಸಿದ್ದ. ಆ ಕೋಪವನ್ನೆಲ್ಲ ಅಣ್ಣ ತಾತನ ಮೇಲೆ ಹಾಕಿದ. ಸತ್ತ ಸೆಲ್ಲನ್ನು ನನ್ನ ತಲೆಗೆ ಕಟ್ಟಿದ್ರಿ, ಗುಜರಿಯವನಿಂದ ನಿಮಗೆ ಏನು ಸಿಕ್ತು ಎಂದ. ತಾತ ದೋಣಿಯೊಳಗೆ ಇಳಿದು, ಮುಚ್ಚಳ ತೆಗೆದು, ಸೆಲ್ಲಿಗೆ ಕಿವಿಯಿಟ್ಟರು. ಒಂದಕ್ಕೆ. ಎರಡಕ್ಕೆ. ಮೂರಕ್ಕೆ. ದಡದಲ್ಲಿ ನಿಂತ ನನಗೂ ಕೇಳಿಸಿತು ಅನಿಸುತ್ತದೆ, ಸಣ್ಣಗೆ ಬುಸುಗುಟ್ಟುವ ಸದ್ದು.

ಅವರು ತಲೆಯೆತ್ತಿ ನನ್ನ ಕಡೆ ತಿರುಗಿದರು. "ನೀರು ಭರಣೀಲೇ ಇಟ್ಟಿದ್ಯೇನು ತಾಯಿ?"

"ಊಂ" ಎಂದೆ.

ನಾನು ಒಪ್ಪಿಕೊಳ್ಳಬೇಕಾದ ತಪ್ಪು ತಾಮ್ರದ ಬಿಂದಿಗೆಯದಲ್ಲ. ತಿಳಿಯದೆ ಮಾಡಿದ್ದು ಅದು. ನನ್ನ ತಪ್ಪು ಆ ಊಂ. ತಾತ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ಎಷ್ಟು ಕಂಡಿತೋ. ಆಮೇಲೆ ಅಣ್ಣನಿಗೆ, ತಪ್ಪು ನಂದೇ ಕಣಯ್ಯ, ಸೆಲ್ಲು ಹಳೇದಾಗಿತ್ತು, ನಾನು ಸರಿಯಾಗಿ ನೋಡಲಿಲ್ಲ ಎಂದರು. ಬಿಳಿ ಅಂಗಿಗೆ ಆಸಿಡ್ ತಾಗಿತ್ತು. ಒಬ್ಬರೇ ಏರಿಯ ಮೇಲೆ ನಡೆದುಕೊಂಡು ಹೋದರು. ಬಿಟ್ಟು ಬರುತ್ತೇನೆ ಎಂದು ಅಣ್ಣ ಅನ್ನಲಿಲ್ಲ.

ದೋಣಿ ಹಿತ್ತಲಿಗೆ ಬಂದು ಬೋರಲು ಬಿತ್ತು. ಅದರ ಕೆಳಗೆ ಕೋಳಿ ಮೊಟ್ಟೆಯಿಟ್ಟಿತು. ಅಣ್ಣ ಆ ಟೀ ಅಂಗಡಿಗೆ ಹೋಗುವುದನ್ನು ಬಿಟ್ಟ. ರೈಲು ತಾತನ ಮಾತು ಬಂದರೆ ಎದ್ದು ಹೋಗುತ್ತಿದ್ದ. ಎರಡು ವರ್ಷ. ದಿನಾ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಹೇಳದೆ ಒಂದು ದಿನ ಕಳೆದರೆ ಮಾರನೆಯ ದಿನ ಹೇಳುವುದು ಇನ್ನೂ ಕಷ್ಟವಾಗುತ್ತಿತ್ತು. ತಾಮ್ರದ ಬಿಂದಿಗೆ ತೊಳೆಯುವಾಗೆಲ್ಲ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

ಅದಾದ ಎರಡನೆಯ ಬೇಸಿಗೆಯಲ್ಲಿ ಹೊಲಕ್ಕೆ ಗೊಬ್ಬರ ಹೊಡೆಯಲು ಅಣ್ಣ ತಿಪ್ಪೆಯನ್ನು ತಳದವರೆಗೂ ಎತ್ತಿದ. ಗುದ್ದಲಿಗೆ ಏನೋ ಕಿಣ್ಣೆಂದಿತು. ದಪ್ಪ ಹಸಿರು ಗಾಜು, ಭರಣಿಯ ಬಾಯಿಯ ಉಂಗುರ ಹಾಗೇ ಇತ್ತು. ಅವನು ಅದನ್ನು ಪಂಚೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದು ನೋಡಿದ. ನಾನು ಸಗಣಿ ಪುಟ್ಟಿ ಇಳಿಸಿ ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಬಾವಿಯ ಕಲ್ಲು, ಬಿಂದಿಗೆ, ಹುಣಸೆಹಣ್ಣು, ಕೊನೆಗೆ ಊಂ.

ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿತ್ತು. "ನಾನು ಆವತ್ತು ಅವ್ರಿಗೆ ಏನಂದೆ, ನೀನು ಕೇಳಿಸ್ಕೊಂಡು ಸುಮ್ನಿದ್ದೆ ಅಲ್ವೇನೇ" ಎಂದ. ಅಷ್ಟೇ. ಕೈಕಾಲು ತೊಳೆದು, ಗಾಜಿನ ಚೂರನ್ನು ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದ.

ಮಧ್ಯಾಹ್ನದ ಮೇಲೆ ಬಂದ, ಹಿಂದಿನ ಕ್ಯಾರಿಯರಿನಲ್ಲಿ ತಾತನನ್ನು ಕೂರಿಸಿಕೊಂಡು. ಅವರು ಸೈಕಲ್ಲಿನಿಂದ ಇಳಿಯುವಾಗ ಗಾಳಿಯಲ್ಲಿ ಕೈಯಾಡಿಸಿ ಗೋಡೆ ಹುಡುಕಿದರು. ಎರಡೂ ಕಣ್ಣು ಪೂರಾ ಬೆಳ್ಳಗಾಗಿದ್ದವು. ನಾನು ಸುಮ್ಮನಿದ್ದ ಎರಡು ವರ್ಷ ಎಲ್ಲಿ ಹೋಗಿತ್ತೆಂದು ಆಗ ಕಂಡಿತು. ಕಾಲು ಹಿಡಿಯಲು ಹೋದೆ. ಅವರು ನನ್ನ ತಲೆ ತಡವಿದರು. "ನಂಗೆ ಅವತ್ತೇ ಗೊತ್ತಿತ್ತು, ಸೆಲ್ಲೇ ಹೇಳ್ತು. ಲೋಹ ಕರಗಿದ ನೀರು ಕುಡಿದ್ರೆ ಹಂಗೇ ಬುಸುಗುಟ್ಟಿ ತಾನೇ ಖಾಲಿಯಾಗ್ತದೆ. ನಾನು ಬಾಯಿ ಬಿಟ್ಟಿದ್ರೆ ನಿಮ್ಮಣ್ಣ ನಿನ್ನ ಆ ದೋಣಿ ಹತ್ರಕ್ಕೆ ಸೇರಿಸ್ತಿರ್ಲಿಲ್ಲ. ನಾನಾದ್ರೆ ಹೊರಗಿನವನು" ಎಂದರು.

ಹಳೆಯ ಸೆಲ್ಲುಗಳು ಕೆಟ್ಟೇ ಹೋಗಿದ್ದವು. ಬೇರೆ ಮೂರನ್ನು ಅದೇ ಗುಜರಿಯಲ್ಲಿ ಆರಿಸಿದರು, ಈ ಸಲ ಬೆರಳಿನಲ್ಲಿ, ಕಿವಿಯಲ್ಲಿ. ಪಿಚಕಾರಿಯ ಕಡ್ಡಿ ಎಷ್ಟೆತ್ತರ ನಿಂತಿದೆ ಎಂದು ನಾನು ನೋಡಿ ಹೇಳಬೇಕು. ನಾನು ಹೇಳಿದ್ದನ್ನು ಅವರು ಹಾಗೇ ನಂಬಿದರು. ಒಂದೊಂದು ಸಲವೂ ನಾನು ಎರಡು ಬಾರಿ ನೋಡಿ ಹೇಳಿದೆ. ಹೊಸ ಮಣ್ಣಿನ ಗಡಿಗೆಯಲ್ಲಿ ಮಳೆ ನೀರು ಹಿಡಿದೆ. ಅಣ್ಣ ಮೀನಿನವರ ಯಜಮಾನನ ಹತ್ತಿರ ಹೋಗಿ, ಅವತ್ತು ಹರಿದ ಬಲೆಯ ಬದಲಿಗೆ ಒಂದನ್ನು ನನ್ನಿಂದಲೇ ಹೆಣೆಸಿಕೊಟ್ಟು ಒಪ್ಪಿಸಿದ.

ದೋಣಿ ಮತ್ತೆ ನೀರಿಗಿಳಿದ ಸಂಜೆ, ಹೊರಡುವ ಮೊದಲು ಅಣ್ಣ ಕಂಬವನ್ನು ಬಗ್ಗಿಸಿ ದೀಪವನ್ನು ತಾತನ ಎದುರಿಗೆ ತಂದ. ಅವರು ಬಲ್ಬಿನ ಸುತ್ತ ಎರಡೂ ಕೈಯನ್ನು ಬೊಗಸೆ ಮಾಡಿ ಹಿಡಿದರು. ಬೆರಳ ಸಂದಿಗಳೆಲ್ಲ ಕೆಂಪಾಗಿ ಬೆಳಗಿದವು. ಬೆಚ್ಚಗದೆ ಎಂದರು. ಆಮೇಲೆ ಏರಿಯ ಮೇಲೆ, ಅದೇ ಜಾಗದಲ್ಲಿ ನನ್ನ ಪಕ್ಕ ಕೂತು, "ಈಗ ನೀನು ನೋಡಿ ಹೇಳು" ಎಂದರು.

ಹೇಳಿದೆ. ಜೊಂಡು ದಾಟಿತು, ಬೆಳ್ಳಗಿದೆ. ನಡುಗೆರೆಗೆ ಬಂತು. ನೀರಲ್ಲಿ ಅದರ ಬಾಲ ನಮ್ಮ ಕಾಲಿನವರೆಗೂ ಬಂದಿದೆ ತಾತ, ಅಲೆ ಬಂದಾಗ ತುಂಡಾಗ್ತದೆ, ಮತ್ತೆ ಸೇರ್ಕೋತದೆ. ಒಂದು ಕೊಕ್ಕರೆ ಅದರ ಮುಂದೆ ಹಾದು ಹೋಯಿತು. ಅವರು ಮುಖವೆತ್ತಿ, ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದರು. ಅಷ್ಟರಲ್ಲಿ ದೋಣಿ ತಿರುಗಿತು, ಕಂಬಕ್ಕಿಂತ ಎತ್ತರಕ್ಕೆ ಏರಿದ್ದ ಹಾಯಿಯ ಮೂಲೆ ದೀಪಕ್ಕೆ ಅಡ್ಡ ಬಂತು. ಕತ್ತಲೆ. ಬೆಳಗುತ್ತಿದೆ ಅಂದುಬಿಟ್ಟರೆ ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಕಾಣ್ತಿಲ್ಲ ತಾತ" ಎಂದೆ. "ಈಗ ಕಾಣ್ತಿಲ್ಲ."

ಅವರು ಗಾಬರಿಯಾಗಲಿಲ್ಲ. ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು. "ಇರ್ಲಿ. ಬಂದಾಗ ಹೇಳು" ಎಂದರು.

ಕಾದೆವು. ಕೆರೆಯ ಆ ಬದಿಯಲ್ಲಿ ಹಾಯಿ ಸರಿಯಿತು.

"ಬಂತು" ಎಂದೆ.